ನೀರು ಕಾಣದ ಜೆರ್ಸಿ

ಹಗ್ಗದ ಮೇಲೆ ಒಣಗುತ್ತಿದ್ದ ಜೆರ್ಸಿಯನ್ನು ನಾನು ಯಾರನ್ನೂ ಕೇಳದೆ ಎಳೆದೆ. ಕ್ಲಿಪ್ಪು ಹಾರಿ ಅಂಗಳದ ಮೂಲೆಗೆ ಬಿತ್ತು.

“ಅಕ್ಕಾ, ಅದು ನನ್ನದು,” ಎಂದ ದಿಶಾಂತ್. ಕೊಯಿಲದ ಕಬಡ್ಡಿ ತಂಡದ ಹುಡುಗ. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಹೋಗದಂಥ ಆಳು.

“ನಿನ್ನದೇ ಮಾರಾಯ, ನಾನು ಹಾಕಿಕೊಂಡು ಕಬಡ್ಡಿ ಆಡುದಿಲ್ಲ. ಒಮ್ಮೆ ಹಾಕಿ ತೋರಿಸು.”

ಅವನು ತಲೆ ತೂರಿಸಿ ಹಾಕಿಕೊಂಡ. ಕಂಕುಳಿಂದ ಸೊಂಟಕ್ಕೆ ನೇರವಾಗಿ ಇಳಿಯಬೇಕಾದ ಬದಿಯ ಹೊಲಿಗೆ ಹೊಟ್ಟೆಯ ಮೇಲೆ ಓರೆಯಾಗಿ ಹರಿದು ಹೊಕ್ಕುಳ ಹತ್ತಿರ ಬಂದು ನಿಂತಿತ್ತು. ಎದೆಯ ಮೇಲಿನ ತಂಡದ ಹೆಸರು ಒಂದು ಪಕ್ಕಕ್ಕೆ ವಾಲಿತ್ತು. ಹುಡುಗ ಕೈಯಿಂದ ಎಳೆದು ನೇರ ಮಾಡಿದ. ಬಿಟ್ಟ ಕೂಡಲೇ ಹೊಲಿಗೆ ಪುನಃ ಹೊಟ್ಟೆಗೆ ಬಂತು.

“ಯಾರೋ ಹಿಂದಿನಿಂದ ಹಿಡಿದು ತಿರುಗಿಸಿದ ಹಾಗೆ ಆಗ್ತದೆ ಅಕ್ಕಾ. ನೆಲ ಒರೆಸಲಿಕ್ಕೆ ಇಡುವಾ ಅಂತ ಅಮ್ಮ ಹೇಳಿದರು.”

ನನಗೆ ನಗು ಬರಲಿಲ್ಲ. ಈ ಜೆರ್ಸಿಗಳನ್ನು ಕತ್ತರಿಸಿದ ನನ್ನ ತಮ್ಮ ಅಸ್ಕರ್, ಇಡೀ ಆರ್ಡರಿನ ಲಾಟು ಹಾಳು ಮಾಡಿದ ನಾಚಿಕೆಗೆ ಕುಮಾರಧಾರೆ ಹೊಳೆಗೆ ಹಾರಿ ಸತ್ತ ಎಂದು ಊರೆಲ್ಲ ಹೇಳುತ್ತಿತ್ತು. ನಾನು ಮಾತ್ರ ನಂಬಿರಲಿಲ್ಲ.

‘ತಾನಾಗಿ ಸತ್ತವನ ತಾಯಿ.’ ನಮ್ಮ ಉಮ್ಮ ಮೈಮೂನಮ್ಮನಿಗೆ ಊರು ಕೊಟ್ಟ ಹೊಸ ಹೆಸರು ಅದು. ಎದುರಿಗೆ ಯಾರೂ ಹೇಳುವುದಿಲ್ಲ, ಬೆನ್ನ ಹಿಂದೆ ಯಾರೂ ಬಿಡುವುದಿಲ್ಲ. ಉಮ್ಮ ಈಗ ಮದುವೆಗೂ ಹೋಗುವುದಿಲ್ಲ, ಮೌಲೂದಿನ ಪ್ರಾರ್ಥನೆಗೂ ಹೋಗುವುದಿಲ್ಲ. ಆ ಹೆಸರನ್ನು ನಾನು ಅಳಿಸಬೇಕು. ಅಸ್ಕರ್‌ನನ್ನು ನೀರಿಗೆ ಕಳಿಸಿದವನನ್ನು ಊರಿನೆದುರು ಎಳೆದು ತರಬೇಕು. ನ್ಯಾಯ ಗೀಯ ಎಂಬ ದೊಡ್ಡ ಮಾತು ನನ್ನ ಬಾಯಿಗೆ ಒಗ್ಗುವುದಿಲ್ಲ. ನನಗೆ ಬೇಕಾದದ್ದು ಸೇಡು.

“ಎಂತ ಕಂಡಿತು ರಿಝ್ವಾನಾ?”

ಜೀಪಿಗೆ ಒರಗಿ ನಿಂತಿದ್ದ ದುಗ್ಗಪ್ಪಣ್ಣ ಕೇಳಿದರು. ಸುಳ್ಯದವರು, ನಿವೃತ್ತ ಹೆಡ್‌ಕಾನ್‌ಸ್ಟೆಬಲ್. ಅಸ್ಕರ್‌ನನ್ನು ಮಣ್ಣು ಮಾಡಿದ ಮರುದಿನ ತಾವಾಗಿಯೇ ಬಂದು, ‘ಹುಡುಗ ಹಾರಿದ ಅಂತ ನನಗೆ ನಂಬಿಕೆ ಇಲ್ಲ’ ಎಂದಿದ್ದರು. ಅಂಥ ಮಾತು ಹೇಳಿದ ಮನುಷ್ಯ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಅಂದಿನಿಂದ ಓಡಾಟಕ್ಕೆ ಅವರ ಜೀಪು, ಜಗಳಕ್ಕೆ ನಾನು.

“ಅಣ್ಣಾ, ಇಲ್ಲಿ ನೋಡಿ.” ನಾನು ದಿಶಾಂತ್‌ನನ್ನು ಬಿಸಿಲಿಗೆ ತಿರುಗಿಸಿದೆ. “ಇದು ಬನಿಯನ್ ಬಟ್ಟೆ. ಶರ್ಟಿನ ಬಟ್ಟೆಯ ಹಾಗೆ ನೇಯ್ದದ್ದಲ್ಲ, ಹೆಣೆದದ್ದು. ಉದ್ದಕ್ಕೆ ಸಣ್ಣ ಸಣ್ಣ ಜಡೆಯ ಸಾಲು ಕಾಣುತ್ತದಾ?”

“ಕಾಣ್ತದೆ.”

“ಆ ಸಾಲು ಮೈಯಲ್ಲಿ ನೇರ ಇಳಿಯುವ ಹಾಗೆ ಕಟ್ ಮಾಡ್ಬೇಕು. ಇಲ್ಲಿ ಸಾಲು ಒಂದು ಕಡೆಗೆ, ಕತ್ತರಿ ಇನ್ನೊಂದು ಕಡೆಗೆ ಹೋಗಿದೆ. ಹೊಲಿಯುವಾಗ ಗೊತ್ತಾಗುದಿಲ್ಲ, ಹಿಗ್ಗುವ ಬಟ್ಟೆ ಎಳೆದತ್ತ ಬರ್ತದೆ. ನೀರಿಗೆ ಬಿದ್ದ ಮೇಲೆ ಸಾಲು ತನ್ನ ದಾರಿ ಹಿಡಿಯುದು. ಆಗ ಅಂಗಿ ತಿರುಚುದು.”

“ಹಾಗಾದ್ರೆ ತಪ್ಪು ಕಟಿಂಗ್ ಅಂತಾಯ್ತು.”

“ತಪ್ಪಲ್ಲ ಅಣ್ಣಾ. ತೋಳು ಸರಿ ಉಂಟು. ಕಾಲರ್ ಸರಿ ಉಂಟು. ಮೈಯ ತುಂಡು ಮಾತ್ರ ಓರೆ. ಕೆಲಸ ಬಾರದವನು ತಪ್ಪಿದರೆ ಎಲ್ಲ ಕಡೆ ತಪ್ಪುತ್ತಾನೆ. ಇವನು ಎಲ್ಲಿ ಬೇಕೋ ಅಲ್ಲಿ ಮಾತ್ರ ತಪ್ಪಿದ್ದಾನೆ. ಇದು ಬೇಕಂತಲೇ ಮಾಡಿದ್ದು.”

ಬೆಳಿಗ್ಗೆಯಿಂದ ಇದೇ ತಂಡದ ಬೇರೆ ಹುಡುಗರ ಮನೆಗಳಿಗೂ ಹೋಗಿ ಬಂದಿದ್ದೆವು. ದಪ್ಪದವನದ್ದು, ಸಪೂರದವನದ್ದು ಎಂದಿಲ್ಲ, ಎಲ್ಲ ಜೆರ್ಸಿಗಳೂ ಒಂದೇ ಹದದಲ್ಲಿ ವಾಲಿದ್ದವು. ಅಷ್ಟು ಸಮ ಓರೆ ಹಿಡಿಯುವುದು ನೇರ ಹಿಡಿಯುವುದಕ್ಕಿಂತ ಕಷ್ಟ. ಆ ಕೈಯ ಮೇಲೆ ನನಗೆ ಸಿಟ್ಟಿನ ಜೊತೆ ಸಣ್ಣದೊಂದು ಮೆಚ್ಚುಗೆಯೂ ಬಂದಿತ್ತು. ಯಾಕೆ ಬಂತೆಂದು ನಾನು ಯೋಚಿಸಲಿಲ್ಲ.

“ನೌಷಾದ್,” ಎಂದರು ದುಗ್ಗಪ್ಪಣ್ಣ. “ನಾನು ಮೊದಲಿನಿಂದ ಹೇಳ್ತಾ ಇದ್ದೇನಲ್ಲ.”

ನೌಷಾದ್ ಎಂದರೆ ಅಸ್ಕರ್‌ನ ಕೈಕೆಳಗೆ ಕತ್ತರಿ ಹಿಡಿಯುತ್ತಿದ್ದವನು. ಅಸ್ಕರ್ ಹೋದ ಮೇಲೆ ಕೆಲಸ ಬಿಟ್ಟು ಸಂಪಾಜೆಯ ಅಕ್ಕನ ಮನೆಯಲ್ಲಿ ಕೂತಿದ್ದ. ಅವನ ಮೇಲೆ ನನಗೂ ಕಣ್ಣಿತ್ತು.

“ದಿಶಾಂತ್, ಇದನ್ನು ಮೊದಲು ಒಗೆದದ್ದು ಯಾವಾಗ?”

“ಸೋಮವಾರ. ಭಾನುವಾರ ಮ್ಯಾಚ್ ಅಲ್ವಾ, ಮೈದಾನದಲ್ಲೇ ಕವರ್ ಒಡೆದು ಹಾಕಿಕೊಂಡದ್ದು. ಆಗ ಎಂತ ಫಿಟ್ಟಿಂಗ್ ಗೊತ್ತುಂಟಾ! ಫೋಟೋ ಎಲ್ಲ ತೆಗೆದೆವು. ಒಗೆದ ಮೇಲೆಯೇ ಹೀಗಾದದ್ದು.”

“ಬೇರೆ ಯಾರಾದರೂ ಮೊದಲೇ ಒಗೆದಿದ್ದರಾ?”

“ಯಾರು ಒಗೆಯುದು? ಶನಿವಾರ ಸಂಜೆ ಅಂಗಡಿಯ ಶಾನವಾಝಣ್ಣ ಪುತ್ತೂರಿನಿಂದ ಕಳಿಸಿದರು, ಕವರಿನಲ್ಲೇ ಇತ್ತು.”

ಮೂಲೆಗೆ ಬಿದ್ದಿದ್ದ ಕ್ಲಿಪ್ಪನ್ನು ಹೆಕ್ಕಿ ತಂದು ನಾನು ಪುನಃ ಹಗ್ಗಕ್ಕೆ ಹಾಕಿದೆ.

ಅಸ್ಕರ್‌ನ ದೇಹ ಸಿಕ್ಕಿದ್ದು ಶನಿವಾರ ಬೆಳಿಗ್ಗೆ.

ಬಟ್ಟೆ ತಿರುಚಿದ್ದು ಸೋಮವಾರ. ತಿರುಚುವ ಮೊದಲೇ, ತಿರುಚಿದ ನಾಚಿಕೆಗೆ ಅವನು ಸಾಯುವುದು ಹೇಗೆ?

“ದುಗ್ಗಪ್ಪಣ್ಣ,” ಎಂದೆ. “ಮಣ್ಣಿನ ದಿನ ಶಾನವಾಝ್ ನಮ್ಮ ಅಂಗಳದಲ್ಲಿ ನಿಂತು ಎಂತ ಹೇಳಿದ್ದು? ನನಗೆ ಒಂದೊಂದು ಶಬ್ದ ನೆನಪುಂಟು. ‘ಶುಕ್ರವಾರ ಸಂಜೆ ನಾನೇ ಬೈದದ್ದು, ಜೆರ್ಸಿ ಎಲ್ಲ ತಿರುಚುವ ಹಾಗೆ ಮಾಡಿ ಇಟ್ಟಿದ್ದಾನೆ ಅಂತ. ಇಷ್ಟು ಮನಸ್ಸಿಗೆ ತೆಗೆದುಕೊಳ್ತಾನೆ ಅಂತ ಗೊತ್ತಿರಲಿಲ್ಲ.’ ಹೇಳಿ ಅತ್ತ. ಜನ ಅವನ ಬೆನ್ನು ಸವರಿದರು.”

“ಹೌದಂತೆ. ನಾನೂ ಕೇಳಿದ್ದೇನೆ.”

“ನೀರು ಕಾಣದ ಜೆರ್ಸಿ ತಿರುಚುತ್ತದೆ ಅಂತ ಅವನಿಗೆ ಶುಕ್ರವಾರವೇ ಹೇಗೆ ಗೊತ್ತಾಯ್ತು?”

ದುಗ್ಗಪ್ಪಣ್ಣ ಬಾಯಲ್ಲಿದ್ದ ಎಲೆಯಡಿಕೆಯನ್ನು ಬೇಲಿಯ ಆಚೆಗೆ ಉಗುಳಿದರು.

“ನೀನು ಪೊಲೀಸಿಗೆ ಸೇರಬೇಕಿತ್ತು ಮಾರಾಯ್ತಿ,” ಎಂದರು.

*

ಕೊಯಿಲದಿಂದ ಪುತ್ತೂರಿಗೆ ಬರುವ ದಾರಿಯುದ್ದಕ್ಕೂ ದುಗ್ಗಪ್ಪಣ್ಣ ಸಂಪಾಜೆಯ ಮಾತನ್ನೇ ಆಡಿದರು. ಮೊದಲು ನೌಷಾದ್‌ನನ್ನು ಹಿಡಿಯುವಾ, ಅವನ ಬಾಯಿ ಬಿಡಿಸುವಾ, ಆಮೇಲೆ ಶಾನವಾಝ್ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು. ಮಾತು ಸರಿಯಾಗಿಯೇ ಇತ್ತು. ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಶಾನವಾಝ್ ನನ್ನ ಗಂಡನಾಗಿದ್ದವನು. ಬಸ್‌ಸ್ಟ್ಯಾಂಡಿನ ಹತ್ತಿರದ ಆ ಕ್ರೀಡಾ ಉಡುಪಿನ ಅಂಗಡಿಯನ್ನು ನಾವಿಬ್ಬರು ಸೇರಿ ಕಟ್ಟಿದ್ದು. ಹೊಲಿಗೆ ನನ್ನದು, ಮಾರಾಟ ಅವನದು. ಬೇರೆ ಮದುವೆಯ ಮನಸ್ಸು ಬಂದಾಗ ಅವನು ನನ್ನನ್ನು ಬಿಟ್ಟ, ಅಂಗಡಿಯನ್ನು ಬಿಡಲಿಲ್ಲ. ಅದಾದರೂ ಹೋಗಲಿ. ಗಿರಾಕಿಗಳು ನನ್ನ ಹಿಂದೆ ಬರಬಾರದೆಂದು ಊರೂರಿಗೆ ಹೇಳಿಕೊಂಡು ಬಂದ: ‘ರಿಝ್ವಾನಾ ಹೊಲಿದದ್ದು ಒಂದೇ ಒಗೆತಕ್ಕೆ ತಿರುಚುತ್ತದೆ. ಅವಳಿಗೆ ಕತ್ತರಿ ಹಿಡಿಯಲಿಕ್ಕೇ ಬರುದಿಲ್ಲ.’

ನನ್ನ ಹೊಟ್ಟೆಗೆ ಹೊಡೆದ ಮಾತು ಅದು. ಈಗ ಪಕ್ಕದ ಮನೆಯವರ ನೈಟಿ, ಪೆಟಿಕೋಟು ಹೊಲಿದು ಬದುಕುತ್ತಿದ್ದೇನೆ. ಅಸ್ಕರ್ ಬೇರೆಯವರ ಹೊಲಿಗೆ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್ ಆದ. ಶಾನವಾಝ್ ಆ ಯೂನಿಟ್‌ಗೇ ಆರ್ಡರ್ ಕೊಡುತ್ತಿದ್ದ. ‘ಅವನ ಬಟ್ಟೆಗೆ ಕತ್ತರಿ ಹಾಕಲು ನಿನಗೆ ಮನಸ್ಸು ಹೇಗೆ ಬರ್ತದೆ?’ ಎಂದು ಒಮ್ಮೆ ಕೇಳಿದ್ದೆ. ಅಸ್ಕರ್ ಗಂಜಿ ಉಂಡು ಎದ್ದು ಹೋಗಿದ್ದ.

ಅಂಗಡಿ ಕಾಣುವಷ್ಟು ದೂರದಲ್ಲಿ, ರಸ್ತೆಯ ಆಚೆ ಬದಿಯಲ್ಲಿ ದುಗ್ಗಪ್ಪಣ್ಣ ಜೀಪು ನಿಲ್ಲಿಸಿದರು.

“ನಾನು ಒಳಗೆ ಬರುದು ಬೇಡ. ಪೊಲೀಸ್ ಮುಖ ಕಂಡರೆ ಅವನು ಬಾಯಿ ಮುಚ್ಚಿಬಿಡ್ತಾನೆ. ನೀನು ಹೋಗು. ಮಾತು ತಪ್ಪಬೇಡ, ಕೈ ಎತ್ತಬೇಡ.”

“ಕೈ ಎತ್ತುವ ವಿಷಯ ನನ್ನಲ್ಲಿ ಬಿಡಿ,” ಎಂದು ಇಳಿದೆ.

*

ತಾಯಿ ಮಗಳು ಇಬ್ಬರು ಟ್ರ್ಯಾಕ್ ಪ್ಯಾಂಟ್ ನೋಡುತ್ತಿದ್ದರು. ಶಾನವಾಝ್ ಅವರ ಮುಂದೆ ಪ್ಯಾಂಟನ್ನು ಎಳೆದು ಎಳೆದು ತೋರಿಸುತ್ತಿದ್ದ. ನನ್ನನ್ನು ಕಂಡವನೇ ಎಳೆಯುವುದನ್ನು ನಿಲ್ಲಿಸಿದ.

“ಎಂತ ಬೇಕು?”

“ಕೊಯಿಲದವರ ಲಾಟಿನಲ್ಲಿ ಮೇಲುಳಿದ ಜೆರ್ಸಿ ಉಂಟಾ? ಕವರ್ ಒಡೆಯದ್ದು.”

“ಯಾಕೆ?”

“ಗಿರಾಕಿಯಲ್ಲಿ ಯಾಕೆ ಅಂತ ಕೇಳ್ತಾರಾ? ಕೊಡಿ.”

ತಾಯಿ ಮಗಳು ನೋಡುತ್ತಿದ್ದರು. ಅವನು ಮೇಲಿನ ಶೆಲ್ಫಿನಿಂದ ಒಂದು ಕವರ್ ತೆಗೆದು ಮೇಜಿನ ಮೇಲೆ ಹಾಕಿದ. ನಾನು ಅದನ್ನು ಅವನ ಕಡೆಗೇ ದೂಡಿದೆ.

“ಒಡೆಯಿರಿ. ಇದರಲ್ಲಿ ತಪ್ಪು ಎಲ್ಲಿ ಉಂಟು, ತೋರಿಸಿ.”

“ಎಂತ ತಮಾಷೆ ಇದು?”

“ಅಸ್ಕರ್‌ಗೆ ಬೈದಿರಲ್ಲ ಶುಕ್ರವಾರ. ಯಾವುದನ್ನು ನೋಡಿ ಬೈದದ್ದೋ ಅದನ್ನು ನನಗೂ ತೋರಿಸಿ. ತಮ್ಮನ ತಪ್ಪನ್ನು ಅಕ್ಕ ನೋಡಬಾರದಾ?”

ಶಾನವಾಝ್ ಕವರ್ ಒಡೆದ. ಜೆರ್ಸಿಯ ಭುಜ ಹಿಡಿದು ಎತ್ತಿದ. ಮಡಿಕೆ ಬಿಚ್ಚಿದ ಜೆರ್ಸಿ ನೇರವಾಗಿ, ಮದುಮಗನ ಹಾಗೆ ನಿಂತಿತು. ಅವನು ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ. ಕಾಲರ್ ನೋಡಿದ. ಕಾಲರಿನಲ್ಲಿ ಇದ್ದರೆ ತಾನೆ! ಒಳಹೊಲಿಗೆಯನ್ನು ಉಗುರಿನಲ್ಲಿ ಕೆರೆದ. ಅವನ ಮೂಗಿನ ಮೇಲೆ ಬೆವರು ಕೂತಿತು.

ಅವನು ಹುಡುಕಿದಷ್ಟೂ ನನಗೆ ತಂಪಾಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆ ಹೊತ್ತು ಇನ್ನೂ ಸ್ವಲ್ಪ ಉದ್ದ ಇರಲಿ ಎಂದು ಬಯಸಿದೆ.

“ಸಿಗಲಿಲ್ಲವಾ?”

“ನಾನು... ಬದಿಯ ಹೊಲಿಗೆ...”

“ಬದಿಯ ಹೊಲಿಗೆ ನೇರ ಉಂಟು. ನೀರು ಕಾಣುವವರೆಗೆ ನೇರವೇ ಇರ್ತದೆ. ಸಾಲು ಓದಲು ಬಂದರೆ ಗೊತ್ತಾದೀತು, ನಿಮಗೆ ಓದಲು ಬರುದಿಲ್ಲ. ನೀವು ಬಟ್ಟೆ ಮಾರಿದವರು, ಕತ್ತರಿ ಹಿಡಿದವರಲ್ಲ. ಈ ಜೆರ್ಸಿಗೆ ಮೊದಲ ಸಲ ನೀರು ಮುಟ್ಟಿದ್ದು ಸೋಮವಾರ. ನಿಮಗೆ ಶುಕ್ರವಾರ ಕನಸು ಬಿತ್ತಾ?”

ತಾಯಿ ಮಗಳ ಕೈ ಹಿಡಿದು ಹೊರಟರು. ಶಾನವಾಝ್ ಅವರ ಹಿಂದೆಯೇ ಹೋಗಿ ಶಟರನ್ನು ಅರ್ಧಕ್ಕೆ ಎಳೆದ.

“ಮಾನ ತೆಗೀಬೇಡ ರಿಝ್ವಾನಾ.”

“ನಿನಗೆ ಮಾನ ಉಂಟಾ? ನನಗೆ ಗೊತ್ತೇ ಇರಲಿಲ್ಲ.” ‘ನೀವು’ ಎಂಬ ಮರ್ಯಾದೆ ಗಿರಾಕಿಗಳ ಜೊತೆಗೇ ಹೊರಗೆ ಹೋಗಿತ್ತು. “ಹೇಳು. ಯಾರು ಹೇಳಿದ್ದು ನಿನಗೆ? ಆ ನಾಲಗೆಯನ್ನು ನಾನು ಕಿತ್ತು ಹಾಕದಿದ್ದರೆ ಕೇಳು.”

ಅವನು ಮೆಲ್ಲನೆ ನಕ್ಕ. ಹೆದರಿದ ನಗು, ಆದರೂ ನಗು.

“ಕಿತ್ತು ಹಾಕ್ತೀಯಾ? ನಿನ್ನ ಮನೆಯಲ್ಲಿ ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ಯಾರ ಮೈಗಾದರೂ ಹಾಕಲು ಬಿಡ್ತಾರಾ? ಎಷ್ಟು ಜನರ ಕೈ ದಾಟಿ ಬಂದದ್ದೋ, ನಮಾಝ್‌ಗೆ ಆಗುದಿಲ್ಲ ಅಂತ ನನ್ನ ಮದುವೆಯ ಶರ್ಟನ್ನೂ ಬಾವಿಯ ನೀರಲ್ಲಿ ಅದ್ದಿ, ಒದ್ದೆಯಲ್ಲೇ ಕೊಟ್ಟವರು ಯಾರು?”

ಅದು ನಮ್ಮ ಉಮ್ಮ.

“ಅಸ್ಕರ್ ಒಂದು ಜೆರ್ಸಿಯನ್ನು ಮನೆಗೆ ತಂದಿದ್ದನಂತೆ. ನಿನ್ನ ಉಮ್ಮ ಅದನ್ನು ಒಗೆದಿದ್ದಾರೆ. ತಿರುಚಿದ್ದನ್ನು ಕಂಡು ಅಂಗಡಿಗೆ ಫೋನ್ ಮಾಡಿ ಹೇಳಿದ್ದಾರೆ. ಈಗ ಹೋಗಿ ಕೀಳು ನಾಲಗೆ.”

“ಸುಳ್ಳು.”

“ಮನೆಯಲ್ಲಿ ಕೇಳು. ಮತ್ತೊಂದು ಹೇಳ್ತೇನೆ, ಅದೂ ಸುಳ್ಳು ಅಂತ ಹೇಳು. ನಿನ್ನ ತಮ್ಮ ತಪ್ಪಿದ್ದಲ್ಲ. ಬೇಕಂತಲೇ ಮಾಡಿದ್ದು. ಶುಕ್ರವಾರ ಸಂಜೆ ಇದೇ ಜಾಗದಲ್ಲಿ ನಿಂತು ಒಪ್ಪಿಕೊಂಡ. ‘ನನ್ನ ಅಕ್ಕ ಹೊಲಿದದ್ದು ತಿರುಚುತ್ತದೆ ಅಂತ ಊರಿಗೆಲ್ಲ ಹೇಳಿದೆಯಲ್ಲ, ಇನ್ನು ನಿನ್ನ ಅಂಗಡಿಯ ಮಾಲು ತಿರುಚಲಿ. ಊರು ನೋಡಲಿ’ ಅಂತ ಹೇಳಿದ. ಎಷ್ಟು ಸೊಕ್ಕಿನಲ್ಲಿ ಹೇಳಿದ ಗೊತ್ತುಂಟಾ?”

ಮೇಜಿನ ಮೇಲಿದ್ದ ಜೆರ್ಸಿಯನ್ನು ನಾನು ಕೈಗೆತ್ತಿಕೊಂಡೆ. ಬೆರಳಿನಲ್ಲಿ ಸಾಲು ಹಿಡಿದು ಸವರಿದೆ. ದಪ್ಪದವನಿಗೂ ಸಪೂರದವನಿಗೂ ಒಂದೇ ಹದದ ಓರೆ. ಪುತ್ತೂರಿನಲ್ಲಿ ಅಂಥ ಕೈ ಇದ್ದದ್ದು ಒಂದೇ. ಬೆಳಿಗ್ಗೆಯೇ ಅದು ನನಗೆ ಗೊತ್ತಾಗಿತ್ತು, ಗೊತ್ತಾಗಲು ನಾನು ಬಿಟ್ಟಿರಲಿಲ್ಲ. ಆ ಕತ್ತರಿಯನ್ನು ಹಿಡಿಯಲು ಅವನಿಗೆ ಕಲಿಸಿದ್ದು ನಾನು. ಅದೇ ಕತ್ತರಿಯಿಂದ ಅವನು ನನ್ನ ಸೇಡು ತೀರಿಸಲು ಹೊರಟಿದ್ದ, ನನಗೆ ಒಂದು ಮಾತು ಹೇಳದೆ. ನನಗೆ ಅಳು ಬಂತು, ಹೆಮ್ಮೆಯೂ ಬಂತು. ಎರಡನ್ನೂ ಶಾನವಾಝ್‌ನ ಎದುರು ನುಂಗಿಕೊಂಡೆ.

“ಆಮೇಲೆ?” ಎಂದೆ.

“ಆಮೇಲೆ ಎಂತ? ಹೋದ.”

“ಅಳುತ್ತಾ ಹೋದನಾ?”

ನಾನು ಮೇಜನ್ನು ಬಡಿದೆ. ಪೆನ್ನು, ಬಿಲ್ಲು, ಅಳತೆಯ ಪಟ್ಟಿ ಎಲ್ಲ ಹಾರಿದವು.

“ಅಳುತ್ತಾ ಹೋದನಾ?”

“ನಗ್ತಾ ಹೋದ,” ಎಂದ ಶಾನವಾಝ್. ಅವನ ಸ್ವರ ಇಳಿದಿತ್ತು. “ಹಾರುವವನ ಮುಖ ಅಲ್ಲ ಅದು. ನನಗೂ ಗೊತ್ತುಂಟು.”

“ಗೊತ್ತಿದ್ದು ನಮ್ಮ ಅಂಗಳದಲ್ಲಿ ನಿಂತು ಹಾಗೆ ಹೇಳಿದೆಯಾ? ಹಾಳಾದ ಲಾಟು ಅಂತ ಗೊತ್ತಿದ್ದು ಹುಡುಗರಿಗೆ ಕೊಟ್ಟೆಯಾ?”

“ಮರುದಿನ ಮ್ಯಾಚ್, ಬೇರೆ ಎಲ್ಲಿಂದ ತರುದು? ಅಂಗಳದಲ್ಲಿ ಹೇಳಿದ್ದು... ಹಾಗೆ ಹೇಳಲಿಕ್ಕೆ ನನಗೆ ಹೇಳಿದರು.”

“ಯಾರು?”

ಶಾನವಾಝ್ ಬಗ್ಗಿ, ಅರ್ಧ ಇಳಿದ ಶಟರಿನ ಕೆಳಗಿಂದ ರಸ್ತೆಯನ್ನು ನೋಡಿದ. ಗಿರಾಕಿ ಬಂದರಾ ಎಂದು ನೋಡುತ್ತಿದ್ದಾನೆ, ಈ ಹೊತ್ತಿನಲ್ಲೂ ಇವನಿಗೆ ವ್ಯಾಪಾರವೇ ಎಂದುಕೊಂಡೆ.

“ನನಗೆ ಸಣ್ಣ ಮಗು ಉಂಟು ರಿಝ್ವಾನಾ. ನಾನು ಕೊಂದಿಲ್ಲ. ಖುರ್‌ಆನ್ ಮುಟ್ಟಿ ಹೇಳ್ತೇನೆ. ಇದಕ್ಕಿಂತ ಹೆಚ್ಚು ಕೇಳಬೇಡ.”

ಸಿಟ್ಟಿನಲ್ಲಿ ಇದ್ದ ಬುದ್ಧಿಯೂ ಹೋಯಿತು. ಮೇಜಿನ ಮೇಲಿದ್ದ ನೀರಿನ ಬಾಟ್ಲಿಯನ್ನು ಪೂರ್ತಿ ಜೆರ್ಸಿಯ ಮೇಲೆ ಸುರಿದೆ. ಹಿಂಡಿದೆ. ಶಟರ್ ಎತ್ತಿ, ಹೊರಗೆ ಹೊಸ ಮಾಲು ತೂಗಿಸುವ ಕೊಕ್ಕೆಗೆ ಅದನ್ನು ನೇತುಹಾಕಿದೆ. ಒದ್ದೆ ಜೆರ್ಸಿ ಬಸ್‌ಸ್ಟ್ಯಾಂಡಿನ ಎದುರು ತಿರುಚತೊಡಗಿತು.

“ಒಣಗಲಿ,” ಎಂದೆ, ಪಕ್ಕದ ಅಂಗಡಿಯವರಿಗೂ ಕೇಳುವ ಹಾಗೆ. “ತೆಗೆದರೆ ನಾನು ಮತ್ತೆ ಬರ್ತೇನೆ. ನನ್ನ ತಮ್ಮ ಹಾರಿದ್ದಲ್ಲ ಅಂತ ಇದೇ ಬಾಗಿಲಲ್ಲಿ ನಿಂತು ನೀನು ಹೇಳುವವರೆಗೆ ದಿನಾ ಬರ್ತೇನೆ.”

*

ಈಶ್ವರಮಂಗಲದ ದಾರಿಯಲ್ಲಿ ದುಗ್ಗಪ್ಪಣ್ಣನಿಗೆ ಎಲ್ಲವನ್ನೂ ಹೇಳಿದೆ. ಉಮ್ಮನ ಫೋನಿನ ವಿಷಯ ಮಾತ್ರ ಹೇಳಲಾಗಲಿಲ್ಲ. ಅದು ಸುಳ್ಳಾಗಲಿ ಎಂದು ಇನ್ನೂ ಬೇಡಿಕೊಳ್ಳುತ್ತಿದ್ದೆ.

“ಹೇಳಿಕೊಟ್ಟವನ ಹೆಸರು ಹೇಳಿದನಾ?” ಎಂದು ಕೇಳಿದರು.

“ಇಲ್ಲ. ಹೆದರಿದ್ದಾನೆ.”

“ಹೆದರಿಸಲು ನೌಷಾದ್‌ನ ಹಿಂದೆ ದೊಡ್ಡವರು ಇರಬೇಕು. ನಾಳೆ ಸಂಪಾಜೆಗೆ ಹೋಗುವಾ. ನಾವಿಬ್ಬರೇ. ಯಾರಿಗೂ ಹೇಳುದು ಬೇಡ.”

ಮನೆಯ ಕೆಳಗಿನ ತಿರುವಿನಲ್ಲಿ ಯಾವಾಗಿನಂತೆ ಜೀಪು ನಿಂತಿತು. ಅವರು ಒಂದು ದಿನವೂ ಮೇಲೆ ಬಂದವರಲ್ಲ. ಮೊದಲ ದಿನವೂ ತಿರುವಿನಲ್ಲೇ ನಿಂತು ನನ್ನನ್ನು ಕರೆಸಿದ್ದರು. ದುಃಖದ ಮನೆಗೆ ಪರ ಗಂಡಸು ಕಾಲಿಡಬಾರದು ಎನ್ನುತ್ತಿದ್ದರು. ಎಷ್ಟು ನಯದ ಮನುಷ್ಯ ಎಂದು ಉಮ್ಮನ ಹತ್ತಿರ ಹೊಗಳಿದ್ದೆ.

ಉಮ್ಮ ಒಳಗೆ ನೆಲದಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ನಾನು ಎದುರಿಗೆ ಕೂತೆ. ಹೇಗೆ ಕೇಳಬೇಕೆಂದು ತಿಳಿಯದೆ ನೇರ ಕೇಳಿಬಿಟ್ಟೆ.

“ಉಮ್ಮಾ, ಅಸ್ಕರ್ ತಂದ ಜೆರ್ಸಿಯನ್ನು ನೀವು ಒಗೆದದ್ದಾ?”

“ಹೌದು ಮೋಳೆ. ಚೀಲದಲ್ಲಿ ಇತ್ತು. ಅವನಿಗೆ ಹಾಕಲು ತಂದದ್ದು ಅಂತ ಗ್ರಹಿಸಿ ನೀರಿಗೆ ಹಾಕಿದೆ. ಹಗ್ಗದ ಮೇಲೇ ತಿರುಚಿತು.” ಉಮ್ಮ ಕತ್ತಿಯಿಂದ ಕಣ್ಣು ತೆಗೆಯಲಿಲ್ಲ. “ಕಂಡವರ ಬಟ್ಟೆ ಹಾಳಾಗ್ತದಲ್ಲ ಅಂತ ಹೆದರಿಕೆ ಆಯ್ತು. ಕೊಡುವ ಮೊದಲೇ ಹೇಳಿದರೆ ಬೇರೆ ಕಟ್ ಮಾಡಬಹುದು ಅಂತ ಅಂಗಡಿಗೆ ಫೋನ್ ಮಾಡಿದೆ. ನೀನು ಅಲ್ಲಿ ಇದ್ದಾಗಿನ ನಂಬರ್ ಇತ್ತು. ಯಾಕೆ, ತಪ್ಪಾಯ್ತಾ?”

ಕಿತ್ತು ಹಾಕುತ್ತೇನೆ ಎಂದಿದ್ದೆನಲ್ಲ, ಆ ನಾಲಗೆ ನನಗೆ ಮೊದಲ ಅಕ್ಷರ ಕಲಿಸಿದ್ದು. ತನ್ನ ಪ್ರಾಮಾಣಿಕತೆಯೇ ಮಗನನ್ನು ತಿಂದಿತೆಂದು ಈ ಹೆಂಗಸಿಗೆ ತಿಳಿದರೆ ನಾಳೆಯವರೆಗೆ ಉಳಿಯುವುದಿಲ್ಲ.

“ಇಲ್ಲ ಉಮ್ಮಾ. ತಪ್ಪೆಂತದು? ಶಾನವಾಝ್ ಎಂತ ಹೇಳಿದ?”

“ಶಾನವಾಝ್ ಅಲ್ಲ ಎತ್ತಿದ್ದು. ಅವನು ಶುಕ್ರವಾರದ ನಮಾಝ್‌ಗೆ ಪಳ್ಳಿಗೆ ಹೋಗಿದ್ದನಂತೆ. ಬೇರೆ ಯಾರೋ, ಪ್ರಾಯದ ಗಂಡಸು, ಅಂಗಡಿಗೆ ದುಡ್ಡು ಹಾಕಿದವರಂತೆ. ಸುಳ್ಯ ಕಡೆಯ ಮಾತು. ಪಾಪ, ನನ್ನಲ್ಲಿ ಎಲ್ಲ ವಿವರ ಕೇಳಿದರು. ಅಸ್ಕರ್ ಎಷ್ಟು ಹೊತ್ತಿಗೆ ಬರ್ತಾನೆ, ಯಾವ ದಾರಿಯಲ್ಲಿ ಬರ್ತಾನೆ ಅಂತ ಕೂಡ ಕೇಳಿದರು.”

ಹೊರಗೆ ಮೆಟ್ಟಿಲ ಮೇಲೆ ಕಾಲಿನ ಸದ್ದಾಯಿತು.

“ರಿಝ್ವಾನಾ! ನಿನ್ನ ಮೊಬೈಲು ಜೀಪಿನಲ್ಲೇ ಬಾಕಿ ಆಯ್ತು ಮಾರಾಯ್ತಿ.”

ಉಮ್ಮನ ಕೈ ನಿಂತಿತು. ಅಸ್ಕರ್ ಹೋದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಸ್ವಲ್ಪ ಬೆಳಕು ಕಂಡಿತು. ನಾನು ಬಾಯಿ ಮುಚ್ಚಿಸುವ ಮೊದಲೇ ಸೆರಗು ತಲೆಗೆಳೆದು, ಬಾಗಿಲ ಕಡೆಗೆ ತಿರುಗಿ, ಗಟ್ಟಿಯಾಗಿ ಹೇಳಿಬಿಟ್ಟರು.

“ಇವರೇ ಮೋಳೆ! ಇದೇ ಸ್ವರ. ಅಂದು ನನ್ನ ಫೋನ್ ಎತ್ತಿದ್ದು ನೀವೇ ಅಲ್ವಾ? ಎಷ್ಟು ಒಳ್ಳೆಯದಾಗಿ ಮಾತಾಡಿದಿರಿ. ಅಲ್ಲಾಹು ನಿಮಗೆ ಒಳ್ಳೆಯದು ಮಾಡಲಿ. ಒಳಗೆ ಬನ್ನಿ.”

ದುಗ್ಗಪ್ಪಣ್ಣ ಹೊಸ್ತಿಲ ಆಚೆ ನಿಂತಿದ್ದರು. ನಗು ಮುಖದಲ್ಲೇ ಉಳಿದಿತ್ತು, ಕಣ್ಣು ನನ್ನ ಮೇಲಿತ್ತು. ನಾನು ತಿಳಿದುಕೊಂಡೆನೆಂದು ಅವರಿಗೂ ತಿಳಿಯಿತು. ನನ್ನ ಮೊಬೈಲನ್ನು ಚಾಚಿದ್ದ ಕೈ ಹಿಂದೆ ಸರಿದು, ಮೊಬೈಲು ಅವರ ಅಂಗಿಯ ಜೇಬಿಗೆ ಹೋಯಿತು.

ಹೆದರಿಕೆ ಆಯಿತೇ ಎಂದರೆ, ಆಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಊರೂರು ಅಲೆದು ಹುಡುಕಿದವನು ತಾನಾಗಿಯೇ ನನ್ನ ಮನೆಯ ಮೆಟ್ಟಿಲು ಹತ್ತಿ ಬಂದಿದ್ದ. ನಾನು ಎದ್ದು, ಅಸ್ಕರ್ ಕೂರುತ್ತಿದ್ದ ಕುರ್ಚಿಯನ್ನು ಎಳೆದು ಅವರ ಮುಂದೆ ಇಟ್ಟೆ.

“ಕೂತುಕೊಳ್ಳಿ ದುಗ್ಗಪ್ಪಣ್ಣ,” ಎಂದೆ. “ಉಮ್ಮಾ, ಅವರಿಗೊಂದು ಚಾ ಮಾಡಿ.”

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೂರಲಿಲ್ಲ. ಬೆನ್ನ ಹಿಂದೆ ಕೈ ಹಾಕಿ ಬಾಗಿಲಿನ ಚಿಲಕ ಹಾಕಿದರು.